ಆಚೆ ದಂಡೆಯ ಓಟಗಾರ

ಹಾಲುಗಲ್ಲು ನದಿಯ ಈಚೆ ದಂಡೆಯ ಊರು. ನೇರಳಗುಂದಿ ಆಚೆ ದಂಡೆಯದು. ನಡುವೆ ನೀರು, ನೀರಿನ ಮೇಲೆ ಒಂದು ದೋಣಿ.

ಎರಡೂ ಊರಿಗೆ ಗುರು ಒಬ್ಬರೇ, ಅಡವಯ್ಯನವರು. ಹಾಲುಗಲ್ಲಿನಿಂದ ತುಸು ಮೇಲಕ್ಕೆ, ನದಿ ತಿರುಗುವ ಕಡೆ ಅವರ ಆಶ್ರಮ. ಆಶ್ರಮವೆಂದರೆ ಒಂದು ಮಣ್ಣಿನ ಕೋಣೆ, ಒಂದು ಬೇವಿನ ಮರ, ಕೂರುವವರಿಗೆ ಒಂದಿಷ್ಟು ನೆರಳು.

ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಎರಡು ಊರಿಗೂ ಓಟದ ಪಂದ್ಯ. ಪ್ರತಿ ಊರಿನ ತಂಡ ಒಂದು ಕೋಲನ್ನು ಕೈಯಿಂದ ಕೈಗೆ ದಾಟಿಸುತ್ತ ನದಿಯ ಏರಿಯ ಮೇಲೆ ಓಡಬೇಕು. ಕೊನೆಯವನು ಆಶ್ರಮದ ತಿರುವು ದಾಟಿ, ಹಾಲುಗಲ್ಲಿನ ದೋಣಿಕಟ್ಟೆ ಮುಟ್ಟಬೇಕು. ಗೆದ್ದ ಊರಿನ ಬಾವುಟ ಮುಂದಿನ ಸುಗ್ಗಿಯವರೆಗೆ ಆ ಕಟ್ಟೆಯ ಮೇಲೆ ಹಾರುತ್ತದೆ.

ಅಷ್ಟೇ. ಆ ಅಷ್ಟಕ್ಕಾಗಿ ಎರಡೂ ಊರು ವರ್ಷವಿಡೀ ಮಾತಾಡುತ್ತವೆ.

ಹಾಲುಗಲ್ಲಿನ ಕೊನೆಯ ಓಟಗಾರ ಹುಲುಗಪ್ಪ. ಅವನನ್ನು ತಿದ್ದಿ ತೀಡಿದವನು ಗರಡಿಯ ದುರುಗಪ್ಪ. ಹುಲುಗಪ್ಪ ತನ್ನ ಅಕ್ಕನ ಮಗ ಮಾರೆಪ್ಪನನ್ನು ತಿದ್ದುತ್ತಿದ್ದ. ಗುರುಗಳ ಬಳಿ ಅವನು ಕಲಿಯಲು ಹೋಗುತ್ತಿದ್ದುದು ಓಟವನ್ನಲ್ಲ, ಸುಮ್ಮನೆ ಕೂರುವುದನ್ನು. ಅದು ಅವನಿಗೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

ಹೀಗಿರುವಾಗ ಅವನ ಮದುವೆಯಾಯಿತು. ಹೆಣ್ಣು ನೇರಳಗುಂದಿಯ ರೇಣವ್ವ. ಅವಳ ಅಪ್ಪ ಗಾದಿಲಿಂಗಪ್ಪನಿಗೆ ಕಣ್ಣು ಹೋಗಿತ್ತು. ಗಂಡುಮಕ್ಕಳಿರಲಿಲ್ಲ.

"ಅಪ್ಪನ್ನ ಬಿಟ್ಟು ಬರಾಕ ನನ್ನ ಕೈಲೆ ಆಗೂದಿಲ್ಲ" ಅಂದಳು ರೇಣವ್ವ.

"ಹಂಗಾದ್ರ ನಾನ ಬರ್ತೀನಿ" ಅಂದ ಹುಲುಗಪ್ಪ.

ಬಟ್ಟೆಗಂಟು ಹೊತ್ತು ದೋಣಿ ಹತ್ತಿದ. ಮನೆ ಅಳಿಯನಾದ. ಹಾಲುಗಲ್ಲಿನವರು ಸ್ವಲ್ಪ ದಿನ ನಕ್ಕರು, ಆಮೇಲೆ ಮರೆತರು.

ಸುಗ್ಗಿ ಹತ್ತಿರ ಬಂದಾಗ ಯಾರೂ ಮರೆತಿರಲಿಲ್ಲ.

*

"ಗುರುವೇ, ಜಂಬಣ್ಣ ಮನಿಗೆ ಬಂದಿದ್ದ."

ಜಂಬಣ್ಣ ನೇರಳಗುಂದಿ ತಂಡದ ಮುಂದಾಳು. ಅಲ್ಲಿನ ಕೊನೆಯ ಓಟಗಾರನೂ ಅವನೇ. ಹುಲುಗಪ್ಪನ ಬೆನ್ನನ್ನು ಅವನು ನೋಡಿದಷ್ಟು ಇನ್ನಾರೂ ನೋಡಿಲ್ಲ.

"ಏನಂದ?"

"'ನಮ್ಮೂರ ಅಳಿಯ ಅದೀ, ನಮ್ಮೂರಿಗೆ ಓಡು. ನನ್ನ ಜಾಗ ನಿನಗ ಬಿಡ್ತೀನಿ' ಅಂದ."

"ನೀ ಏನಂದಿ?"

"ಹೇಳ್ತೀನಿ ಅಂದೆ. ಅತ್ತ ದುರುಗಪ್ಪನೂ ಹೇಳಿ ಕಳಿಸ್ಯಾನ, 'ಗರಡಿಗೆ ಬಾ, ಕಾಲು ಜಡ್ಡುಗಟ್ಟಿರತಾವು' ಅಂತ. ಅವಗ ಬ್ಯಾರೆ ಏನೂ ಹೊಳದೇ ಇಲ್ಲ." ಹುಲುಗಪ್ಪ ನೆಲ ನೋಡಿದ. "ಹುಟ್ಟಿದ್ದು ಇಲ್ಲೆ. ಉಣ್ಣೂದು ಅಲ್ಲೆ. ಯಾವ ಊರಿಗೆ ಓಡ್ಲಿ?"

"ಈ ವರ್ಷ ಓಡಬ್ಯಾಡ."

ಇಂಥ ಉತ್ತರವನ್ನು ಅವನು ಎಣಿಸಿರಲಿಲ್ಲ.

"ಮತ್ತ ಏನ್ ಮಾಡ್ಲಿ?"

"ಓಟದ ದಿನ ಇಲ್ಲೆ ಬಂದು ಕುಂದ್ರು. ಓಡೋರು ಈ ತಿರುವಿಗೆ ಬರ್ತಾರ. ಆಗ ನಿನ್ನ ಬಾಯಾಗ ಯಾರ ಹೆಸರು ಬರತೈತಿ ನೋಡು. ಬಂದು ನನಗ ಹೇಳು."

ಓಟದ ದಿನ ಅವನು ಬಂದು ಏರಿಯ ಕೆಳಗೆ ಕುಳಿತ. ಓಟವನ್ನು ಕೂತು ನೋಡಿದ್ದು ಅವನ ಜೀವಮಾನದಲ್ಲೇ ಮೊದಲು.

ಹಾಲುಗಲ್ಲಿಗೆ ಅವನ ಜಾಗದಲ್ಲಿ ಮಾರೆಪ್ಪ ಓಡುತ್ತಿದ್ದ. ಎಳೆಯ ಕಾಲು, ಉದ್ದ ಹೆಜ್ಜೆ. ಅವನ ಹಿಂದೆಯೇ ಜಂಬಣ್ಣ. ತಿರುವಿನಲ್ಲಿ ಜಂಬಣ್ಣನ ಕಾಲು ಜಾರಿತು. ಮುಗ್ಗರಿಸಿ ಬಿದ್ದ, ಕೋಲು ಧೂಳಲ್ಲಿ ಉರುಳಿತು.

ಹುಲುಗಪ್ಪ ಎದ್ದು ನಿಂತಿದ್ದ. ಯಾವಾಗ ಎದ್ದನೋ ಅವನಿಗೇ ತಿಳಿಯದು.

"ಏಳೋ ಜಂಬಣ್ಣಾ! ಏಳು! ಕೋಲು ಎಡಕೈತಿ!"

ಜಂಬಣ್ಣ ಎದ್ದ, ಓಡಿದ, ಸೋತ.

ಗುರುಗಳು ಬೇವಿನ ಕೆಳಗೆ ಬಟ್ಟೆ ಹೊಲಿದುಕೊಳ್ಳುತ್ತ ಕೂತಿದ್ದರು.

"ಯಾರ ಹೆಸರು ಬಂತು?"

"ಜಂಬಣ್ಣಂದು."

"ಹಂಗಾದ್ರ ತಿಳೀತಲ್ಲ."

"ಅದು ಹಂಗಲ್ಲ ಗುರುವೇ." ಹುಲುಗಪ್ಪನ ಮುಖ ಕೆಂಪಾಗಿತ್ತು. "ಅವ ಬಿದ್ದಿದ್ದ. ಬಿದ್ದಾವಗ ಏಳು ಅನ್ನೂದು ಮನುಷ್ಯಾನ ಗುಣ. ಅದಕ್ಕೂ ಊರಿಗೂ ಸಂಬಂಧ ಇಲ್ಲ. ಮಾರೆಪ್ಪ ಬಿದ್ದಿದ್ರ ಮಾರೆಪ್ಪನ ಹೆಸರು ಬರತಿತ್ತು."

ಗುರುಗಳು ದಾರ ಕಚ್ಚಿ ಹರಿದರು.

"ಹೌದು ಬಿಡು. ನೀ ಅನ್ನೂದು ಖರೆ. ಬರೋ ವರ್ಷ ಹಾಲುಗಲ್ಲಿಗೆ ಓಡು."

ಹುಲುಗಪ್ಪನಿಗೆ ಹಗುರಾಯಿತು. ಗುರುಗಳು ಇಷ್ಟು ಬೇಗ ಒಪ್ಪಿದ್ದು ಯಾಕೆ ಎಂದು ಅವನು ಕೇಳಲಿಲ್ಲ.

*

ಮರುವರ್ಷ ಅವನು ಹಾಲುಗಲ್ಲಿಗೆ ಓಡಿದ. ಗೆದ್ದ.

ಜಂಬಣ್ಣ ಬಹಳ ಹಿಂದೆ ಉಳಿದಿದ್ದ. ಕಟ್ಟೆ ಮುಟ್ಟಿದೊಡನೆ ಹಾಲುಗಲ್ಲಿನವರು ಹುಲುಗಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಗುಲಾಲು ಹಾರಿಸಿದರು. ದುರುಗಪ್ಪ ಅವನ ಬೆನ್ನಿಗೆ ಗುದ್ದಿದ, ಅದು ದುರುಗಪ್ಪನ ಶಭಾಶ್. ಬಾವುಟ ಏರಿತು, ಹಲಗೆ ಮೊಳಗಿತು.

ಹೊತ್ತು ಇಳಿಯಿತು. ಹೆಣ್ಣುಮಕ್ಕಳು ಒಲೆ ಹಚ್ಚಲು ಹೊರಟರು. ಗಂಡಸರು ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು. "ಬರ್ತೀನಿ ಮಾವ" ಅಂದ ಮಾರೆಪ್ಪ.

ಹುಲುಗಪ್ಪ ಕಟ್ಟೆಯ ಮೇಲೆ ಒಬ್ಬನೇ ಉಳಿದ. ಅವನ ಮನೆ ಆಚೆಗಿತ್ತು.

ದೋಣಿ ನಿಂತಿತ್ತು. ಅದರ ತುಂಬ ನೇರಳಗುಂದಿಯವರು. ಸೋತವರು. ಯಾರೂ ಮಾತಾಡುತ್ತಿರಲಿಲ್ಲ. ಅವನು ಬಂದು ನಿಂತದ್ದನ್ನು ಎಲ್ಲರೂ ನೋಡಿದರು. ಅವನ ಕೂದಲಲ್ಲಿ, ಕೊರಳಲ್ಲಿ ಗುಲಾಲು ಹಾಗೇ ಇತ್ತು.

ಜಂಬಣ್ಣ ಸರಿದು ತನ್ನ ಪಕ್ಕ ಜಾಗ ಮಾಡಿದ.

ಹುಲುಗಪ್ಪ ಕೂತ. ದೋಣಿ ಹೊರಟಿತು. ಅವನು ನೀರಿಗೆ ಕೈ ಅದ್ದಿ ಗುಲಾಲು ತೊಳೆಯತೊಡಗಿದ.

"ಇರ್ಲಿ ಬಿಡು" ಅಂದ ಜಂಬಣ್ಣ. "ಗೆದ್ದೀಯಲ್ಲ."

ಮನೆಯಲ್ಲಿ ರೇಣವ್ವ ಕಾಲಿಗೆ ಬಿಸಿನೀರು ಕೊಟ್ಟಳು. ಏನೂ ಕೇಳಲಿಲ್ಲ. ಕಣ್ಣಿಲ್ಲದ ಗಾದಿಲಿಂಗಪ್ಪ ಹೊರಸಿನ ಮೇಲಿಂದ ಕೇಳಿದ.

"ಯಾರು ಗೆದ್ರು?"

"ಹಾಲುಗಲ್ಲು."

"ಜಂಬಣ್ಣ ಬಾಳ ಹಿಂದ ಉಳದನೇನು?"

"ಹೂಂ."

"ಅವಂದು ಓಡೋ ವಯಸ್ಸಲ್ಲ ಈಗ." ಮುದುಕ ಗೋಡೆಯ ಕಡೆ ಹೊರಳಿದ. "ನಮ್ಮೂರಾಗ ಬ್ಯಾರೆ ಯಾರದಾರ?"

ಆ ಮಾತು ಕುಟುಕಬೇಕೆಂದು ಆಡಿದ್ದಲ್ಲ. ಹುಲುಗಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಊಟ ಇಳಿಯಲಿಲ್ಲ.

*

"ಗುರುವೇ, ನಾ ನೇರಳಗುಂದಿಗೆ ಓಡ್ತೀನಿ."

"ಯಾಕ?"

"ಗೆದ್ದ ದಿನ ಮನಿಗೆ ಹೋಗೂದು ಇಷ್ಟು ಕಷ್ಟ ಆಗಬಾರದು."

ಗುರುಗಳು ಅವನ ಮುಖವನ್ನೇ ನೋಡಿದರು. ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ.

"ಹಾಲುಗಲ್ಲಿಗೆ ಯಾರು ಹೇಳ್ತಾರ?"

"ಹೆಂಗೋ ಗೊತ್ತಾಗತೈತಿ. ಊರಂದ್ರ ಬಾಯಿ."

"ಹೆಂಗೋ ಗೊತ್ತಾದ್ರ ನೀ ಕದ್ದು ಹೋದಂಗ. ಈಗಲೇ ಹೋಗು. ಇಲ್ಲಿಂದ ನೇರ ಗರಡಿಗೆ ಹೋಗು."

ಹುಲುಗಪ್ಪ ಹೋದ. ದುರುಗಪ್ಪ ಗರಡಿಯ ಮಣ್ಣು ಕೆದರುತ್ತಿದ್ದ. ಹುಲುಗಪ್ಪ ಹೊಸ್ತಿಲಾಚೆಯೇ ನಿಂತು ಹೇಳಿದ. ಸುತ್ತುಬಳಸಿ ಶುರುಮಾಡಿ, ನಡುವೆ ತಡವರಿಸಿ, ಕೊನೆಗೆ ನೇರವಾಗಿ ಹೇಳಿದ.

ದುರುಗಪ್ಪ ಪೂರ್ತಿ ಕೇಳಿಸಿಕೊಂಡ. ಬೈಯಲಿಲ್ಲ. ಸಲಿಕೆಯನ್ನು ಗೋಡೆಗೆ ಒರಗಿಸಿದ. ಬಂದು ಬಾಗಿಲು ಹಾಕಿಕೊಂಡ.

ಹುಲುಗಪ್ಪ ಅಲ್ಲಿಂದ ಅಕ್ಕನ ಮನೆಗೆ ಹೋದ. ಅವನ ಅವ್ವ ಅಲ್ಲೇ ಇದ್ದಳು, ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಅವಳಿಗೂ ಹೇಳಿದ.

"ನನ್ನೇನ ಕೇಳ್ತಿ?" ಅಂದಳು ಅವ್ವ. "ನಾನೂ ಬ್ಯಾರೆ ಊರಿಂದ ಬಂದಾಕಿ. ಮದಿವ್ಯಾದ ವರ್ಷ ನಮ್ಮ ತವರಿನ ಕುಸ್ತಿ ಹುಡುಗ್ರು ಇಲ್ಲಿಗೆ ಬಂದಿದ್ರು. ನಾ ಅವರ ಹೆಸರ ಹಿಡಿದು ಕೂಗಿದೆ. ನಿಮ್ಮಪ್ಪ ಹೊಟ್ಟಿ ಹಿಡಕೊಂಡು ನಕ್ಕ."

"ಆಮ್ಯಾಲೆ?"

"ಆಮ್ಯಾಲೆ ಯಾವಾಗೋ ಈ ಊರ ಹುಡುಗ್ರ ಹೆಸರು ಬರಾಕ ಹತ್ತಿತು. ಯಾವ ವರ್ಷ ಅಂತ ನೆನಪಿಲ್ಲ." ಅವಳು ಒಂದು ಶೇಂಗಾ ಅವನ ಕೈಗಿಟ್ಟಳು. "ಗುರುಗಳನ್ನ ಕೇಳಾಕ ಹೋಗಿರ್ಲಿಲ್ಲ ನಾ."

ಮಾರೆಪ್ಪ ಮಾತ್ರ ಬಾಗಿಲ ಹತ್ತಿರ ನಿಂತು ಕೇಳಿದ.

"ಅಂದ್ರ ಈ ಸಲ ನನ್ನ ಎದುರಿಗೆ ನೀನ?"

"ಹೂಂ."

"ಚಲೋ ಆತು ಬಿಡು" ಅಂದ ಮಾರೆಪ್ಪ. ಅವನ ಕಣ್ಣು ಹೊಳೆಯುತ್ತಿತ್ತು. ಹುಲುಗಪ್ಪ ಅದನ್ನು ಸಿಟ್ಟು ಅಂದುಕೊಂಡ.

*

ಆ ವರ್ಷ ಜಂಬಣ್ಣ ಕೊನೆಯ ಜಾಗ ಬಿಟ್ಟುಕೊಟ್ಟು, ಅದಕ್ಕೂ ಮುಂಚಿನ ಪಾಲು ಓಡಿದ. ತನ್ನೆಲ್ಲ ಉಸಿರು ಹಾಕಿ ಓಡಿ, ಮಾರೆಪ್ಪನ ಕೈಗೆ ಕೋಲು ಬೀಳುವ ಮೊದಲೇ ಹುಲುಗಪ್ಪನ ಅಂಗೈಗೆ ಕೋಲು ಹಾಕಿದ.

"ಹೋಗು!" ಅಂದ.

ತಿರುವಿನವರೆಗೆ ಹುಲುಗಪ್ಪ ಮುಂದಿದ್ದ. ತಿರುವು ದಾಟಿದರೆ ಏರಿಯ ಎರಡೂ ಬದಿ ಹಾಲುಗಲ್ಲಿನ ಜನ. ಹೆಸರು ಹಿಡಿದು ಕೂಗಿ ಅವನನ್ನು ವರ್ಷ ವರ್ಷ ಓಡಿಸಿದ ಜನ.

ಅವನು ಹತ್ತಿರ ಬರುತ್ತಿದ್ದಂತೆ ಒಬ್ಬ ಬೆನ್ನು ತಿರುಗಿಸಿದ. ಅವನ ಪಕ್ಕದವನೂ ತಿರುಗಿಸಿದ. ಮುಂದೆ ಸಾಲು ಸಾಲಾಗಿ ಬರೀ ಬೆನ್ನುಗಳು. ಬೈಗುಳವಿಲ್ಲ, ಕೂಗಿಲ್ಲ. ಅವನ ಕಾಲಿನ ಸದ್ದು ಅವನಿಗೇ ಕೇಳಿಸುತ್ತಿತ್ತು.

ಕಾಲು ಸೋತವೋ, ಅವನೇ ಸೋಲಿಸಿದನೋ. ಹಿಂದಿನಿಂದ ಮಾರೆಪ್ಪನ ಹೆಜ್ಜೆ ಹತ್ತಿರವಾಯಿತು. ಹುಲುಗಪ್ಪ ತಡೆಯಬಹುದಿತ್ತು. ಎದೆಯಲ್ಲಿ ಇನ್ನೂ ಉಸಿರಿತ್ತು. 'ಇಷ್ಟಾದರೂ ಕೊಟ್ಟುಬಿಡೋಣ' ಅನ್ನಿಸಿತು. ಕೊಟ್ಟುಬಿಟ್ಟ.

ಮಾರೆಪ್ಪ ಕಟ್ಟೆ ಮುಟ್ಟಿದ. ಜನ ಈಗ ಈ ಕಡೆ ತಿರುಗಿ ಕೂಗಿದರು. ಅವನನ್ನು ಎತ್ತಿಕೊಳ್ಳಲು ಬಂದರು. ಮಾರೆಪ್ಪ ಅವರ ಕೈ ಕೊಸರಿಕೊಂಡು ಹುಲುಗಪ್ಪನ ಮುಂದೆ ಬಂದು ನಿಂತ. ಕೋಲನ್ನು ಅವನ ಕಾಲ ಬಳಿ ಒಗೆದ.

"ನಾ ಗೆದ್ದಿಲ್ಲ ಮಾವ. ನೀ ಭಿಕ್ಷಾ ಹಾಕಿದಿ."

"ಕಾಲು ಹಿಡಕೊಂತೋ."

"ನಿನ್ನ ಹಿಂದ ಓಡಿ ಕಲಿತಾವ ನಾನು. ನಿನ್ನ ಕಾಲು ಹಿಡಕೊಂಡ್ರ ಹೆಂಗಿರತೈತಿ, ನನಗ ಗೊತ್ತಿಲ್ಲೇನು?"

ದೋಣಿಯಲ್ಲಿ ಜಂಬಣ್ಣ ಕೇಳಿದ. "ಕಾಲು ಹಿಡಕೊಂತೇನು?"

"ಹೂಂ" ಅಂದ ಹುಲುಗಪ್ಪ.

ಜಂಬಣ್ಣ ನಂಬಿದ. ಹೆಗಲ ಮೇಲಿನ ವಲ್ಲಿ ತೆಗೆದು, ಆ ಬಟ್ಟೆಯಿಂದ ಅವನ ಮೀನಖಂಡವನ್ನು ಬಿಗಿಯಾಗಿ ಕಟ್ಟಿದ.

*

ಹುಲುಗಪ್ಪ ಬಹಳ ದಿನ ಆಶ್ರಮದ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂದ. ಗುರುಗಳಿಗೆ ಎಲ್ಲವನ್ನೂ ಹೇಳಿದ, ಬೆನ್ನುಗಳನ್ನು, ಕೋಲನ್ನು, ವಲ್ಲಿಯನ್ನು.

"ಹುಟ್ಟಿದ ಊರಿಗೆ ದ್ರೋಹ ಮಾಡಬಾರದಂತ ಹಂಗ ಮಾಡಿದೆ ಗುರುವೇ. ಈಗ ಎರಡೂ ಕಡೆ ಮುಖ ಇಲ್ಲ."

ಗುರುಗಳು ನೆಲದ ಮೇಲೆ ಬೋರಲು ಮಲಗಿದರು. ಮೊಳಕೈ ಊರಿ ಬಲಗೈ ಎತ್ತಿದರು.

"ಬಾ. ಪಂಜ ಹಿಡಿ."

"ನಿಮ್ಮ ಜೋಡೀನಾ?"

"ಇಲ್ಲಿ ಬ್ಯಾರೆ ಯಾರದಾರ?"

ಹುಲುಗಪ್ಪ ಎದುರಿಗೆ ಮಲಗಿ ಅವರ ಕೈ ಹಿಡಿದ. ಒಣಗಿದ ಬಳ್ಳಿಯಂಥ ಕೈ. ಗುರುಗಳು ಒತ್ತಿದರು. ಅವನು ಸ್ವಲ್ಪ ತಡೆದಂತೆ ಮಾಡಿ, ಮೆಲ್ಲಗೆ ಬಿಟ್ಟುಕೊಟ್ಟ. ಅವನ ಮುಂಗೈ ನೆಲಕ್ಕೆ ತಾಗಿತು.

"ನೀವ ಗೆದ್ರಿ" ಅಂದ.

ಗುರುಗಳು ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಈ ಕೈಯಾಗ ಶಕ್ತಿ ಎಷ್ಟೈತಿ ಅಂತ ಈಗ ನನಗ ತಿಳೀತೇನು?"

ಹುಲುಗಪ್ಪ ಮುಂಗೈಗೆ ಹತ್ತಿದ ಮಣ್ಣು ಒರೆಸಿಕೊಂಡ.

"ಮಾರೆಪ್ಪಗೂ ತಿಳೀಲಿಲ್ಲ" ಅಂದರು ಗುರುಗಳು. "ಜಂಬಣ್ಣಗೂ ಗೊತ್ತಾಗಲಿಲ್ಲ, ತನ್ನ ತಂಡ ಗೆಲ್ಲತಿತ್ತೋ ಇಲ್ಲೋ. ನೀ ಯಾವ ಊರಿಗೆ ಏನ್ ಕೊಟ್ಟಿ?"

"ಹುಟ್ಟಿದ ಊರಂದ ಮ್ಯಾಲೆ ಏನಾರ ಕೊಡಬೇಕಲ್ಲ ಗುರುವೇ."

"ಕೊಡಬೇಕು. ಮತ್ತೊಮ್ಮಿ ಹಿಡಿ."

ಮತ್ತೆ ಕೈ ಹಿಡಿದರು. ಈ ಸಲ ಹುಲುಗಪ್ಪ ಕಣ್ಣು ಮುಚ್ಚಿ ಒತ್ತಿದ. ಗುರುಗಳು ಹಲ್ಲು ಕಚ್ಚಿ ತಡೆದರು. ಅವನೆಣಿಸಿದ್ದಕ್ಕಿಂತ ಹೆಚ್ಚು ಹೊತ್ತೇ ತಡೆದರು. ಕೊನೆಗೆ ಮುದಿ ಕೈ ಥಟ್ಟನೆ ನೆಲಕ್ಕೆ ಬಡಿಯಿತು.

ಹುಲುಗಪ್ಪ ಗಾಬರಿಯಾಗಿ ಎದ್ದ. "ನೋವಾತೇನ್ರಿ?"

"ಆತು." ಗುರುಗಳು ಮೊಳಕೈ ತಿಕ್ಕಿಕೊಳ್ಳುತ್ತ ನಗುತ್ತಿದ್ದರು. "ಭೇಷ್! ಇಷ್ಟು ತಡೀತೀನಿ ಅಂತ ನನಗ ಗೊತ್ತಿರಲಿಲ್ಲ ನೋಡು."

*

ಆ ಸಂಜೆ ಹುಲುಗಪ್ಪ ಜಂಬಣ್ಣನ ಮನೆಗೆ ಹೋಗಿ ವಲ್ಲಿಯನ್ನು ಮರಳಿ ಕೊಟ್ಟ. ಕಾಲು ಹಿಡಿದುಕೊಂಡಿರಲಿಲ್ಲ ಎಂದ.

ಜಂಬಣ್ಣ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. "ಕಟ್ಟುವಾಗ ಬಾವು ಕಾಣಲಿಲ್ಲ. ಗಾಯ ಒಳಗಿರಬೇಕು ಅಂದುಕೊಂಡೆ."

ಹುಲುಗಪ್ಪ ತಲೆ ತಗ್ಗಿಸಿದ.

"ಬರೋ ವರ್ಷ ನಿನ್ನ ಬ್ಯಾಡ ಅನ್ನಲೇನು?"

"ಅಂದ್ರ ಹೂಂ ಅಂತೀನಿ."

ಜಂಬಣ್ಣ ನದಿಯ ಕಡೆ ತಿರುಗಿದ. ಒಳಗೆ ಯಾರೋ ಊಟಕ್ಕೆ ಕರೆದರು.

"ನಾಳಿ ನಸುಕಿನ್ಯಾಗ ಏಳು. ಮರಳಿನ ಮ್ಯಾಲೆ ಓಡೂನು" ಅಂದು ಒಳಗೆ ಹೋದ.

ಆ ವರ್ಷವಿಡೀ ಹುಲುಗಪ್ಪ ಮರಳಿನ ಮೇಲೆ ಓಡಿದ. ಜಂಬಣ್ಣ ಹಿಂದೆ ಬರುತ್ತ ಕೂಗುತ್ತಿದ್ದ. ನದಿಯಾಚೆ, ನಸುಕಿನ ಮಂಜಿನಲ್ಲಿ, ಇನ್ನೊಬ್ಬ ಓಡುತ್ತಿರುವುದು ಕೆಲವೊಮ್ಮೆ ಕಾಣುತ್ತಿತ್ತು. ಉದ್ದ ಹೆಜ್ಜೆ.

*

ಸುಗ್ಗಿ ಬಂತು. ಈ ಸಲ ಇಬ್ಬರ ಕೈಗೂ ಕೋಲು ಒಟ್ಟಿಗೇ ಬಿತ್ತು.

ತಿರುವಿನಲ್ಲಿ ಹುಲುಗಪ್ಪ ಮುಂದಾದ. ತಿರುವು ದಾಟಿದ. ಜನ ಬೆನ್ನು ತಿರುಗಿಸಿದರೋ, ಮುಖ ತೋರಿದರೋ, ಅವನು ನೋಡಲಿಲ್ಲ. ಮಾರೆಪ್ಪ ಪಕ್ಕಕ್ಕೆ ಬಂದ. ಹುಲುಗಪ್ಪ ಬಿಡಲಿಲ್ಲ. ಭುಜಕ್ಕೆ ಭುಜ ತಾಗುವಂತೆ ಓಡಿದರು. ಇಬ್ಬರ ಉಸಿರೂ ಕಿತ್ತು ಬರುತ್ತಿತ್ತು. ಬೆನ್ನು ತಿರುಗಿಸಿದ್ದವರಲ್ಲಿ ಒಬ್ಬ ತಡೆಯಲಾರದೆ ಹೊರಳಿ ನೋಡಿದ. ಆಮೇಲೆ ಎಲ್ಲರೂ ಹೊರಳಿದರು.

ಕಟ್ಟೆಯ ಹತ್ತಿರ ಹುಲುಗಪ್ಪ ಇದ್ದುದನ್ನೆಲ್ಲ ಹಾಕಿದ. ಇನ್ನೇನೂ ಉಳಿದಿರಲಿಲ್ಲ.

ಮಾರೆಪ್ಪನ ಕೈ ಒಂದು ಗೇಣು ಮೊದಲು ಕಟ್ಟೆಗೆ ತಾಗಿತು.

ಇಬ್ಬರೂ ಧೂಳಿನಲ್ಲಿ ಬಿದ್ದರು. ಮಾರೆಪ್ಪ ಅಂಗಾತ ಮಲಗಿ ಏದುತ್ತಿದ್ದ. "ಕೊಲ್ಲಾಕ ಹತ್ತಿದ್ದೆಲ್ಲೋ ಮಾವ. ಅಕ್ಕನ ಮಗ ಅನ್ನೋ ಕರುಣಾ ಬ್ಯಾಡೇನು?" ಅಂದ. ಅಂದು ಅವನ ಮೇಲೆ ಬಿದ್ದು ಅಪ್ಪಿಕೊಂಡ.

ಜನರನ್ನು ಸರಿಸಿಕೊಂಡು ದುರುಗಪ್ಪ ಬಂದ. ಗರಡಿಯ ಬಾಗಿಲು ಹಾಕಿಕೊಂಡ ದಿನದಿಂದ ಅವನು ಹುಲುಗಪ್ಪನ ಜೊತೆ ಒಂದು ಮಾತೂ ಆಡಿರಲಿಲ್ಲ. ಗೆದ್ದ ಮಾರೆಪ್ಪನನ್ನು ದಾಟಿ ಹುಲುಗಪ್ಪನ ಮುಂದೆ ನಿಂತ.

"ಕಟ್ಟಿ ಮುಂದ ಬಂದಾಗ ತಲಿ ಯಾಕ ಎತ್ತಿದೆಲೇ ದಡ್ಡ? ಎತ್ತದಿದ್ರ ಗೆಲ್ಲತಿದ್ದಿ. ನಾ ಕಲಿಸಿದ್ದು ಹಿಂಗೇನು? ಅಲ್ಲಿಗೆ ಹೋಗಿ ನನ್ನ ಹೆಸರು ಕೆಡಸ್ತಿ?"

ಹುಲುಗಪ್ಪ ಬಿದ್ದಲ್ಲಿಂದಲೇ ಅವನ ಪಾದ ಮುಟ್ಟಿದ. ದುರುಗಪ್ಪ ಪಾದ ಎಳೆದುಕೊಳ್ಳಲಿಲ್ಲ.

*

ಮರುದಿನ ಹುಲುಗಪ್ಪ ಆಶ್ರಮಕ್ಕೆ ಬಂದ. ಬೇವಿನ ನೆರಳಲ್ಲಿ ಕೂತ. ಕಾಲು ನಿಜವಾಗಿಯೂ ನೋಯುತ್ತಿದ್ದವು. ಬಹಳ ಹೊತ್ತು ಏನೂ ಮಾತಾಡದೆ ಕೂತಿದ್ದ.

ಗುರುಗಳೇ ಮಾತಾಡಿದರು. "ಸೋತೆಯಂತ."

"ಹೌದು ಗುರುವೇ."

"ಹಂಗಾದ್ರ ಬಂದದ್ದು ಯಾಕ?"

"ಒಂದ ಮಾತು ಉಳದೈತಿ. ಓಡೂದು ನೇರಳಗುಂದಿಗೆ, ಅದರಾಗ ಈಗ ಅನುಮಾನ ಇಲ್ಲ. ಆದ್ರ ನಿನ್ನೆ ದುರುಗಪ್ಪನ ಕಾಲು ಮುಟ್ಟಿದಾಗ ಮನಿಗೆ ಬಂದಂಗ ಆತು. ಆಮ್ಯಾಲೆ ದೋಣಿ ಆಚೆ ದಂಡಿಗೆ ತಾಗಿದಾಗಲೂ ಹಂಗ ಆತು." ಅವನು ತಲೆ ಎತ್ತಿದ. "ನಾ ಈಗ ಯಾವ ಊರಾವ ಗುರುವೇ?"

"ನಿನ್ನೆ ಓಟ ಮುಗಿದ ಮ್ಯಾಲೆ ಯಾರ್ಯಾರು ನಿನ್ನ ಬೈದ್ರು?"

ಹುಲುಗಪ್ಪ ನೆನಪು ಮಾಡಿಕೊಂಡ.

"ಮೊದಲು ಮಾರೆಪ್ಪ ಬೈದ. ಆಮ್ಯಾಲೆ ದುರುಗಪ್ಪ, ಊರ ಮಂದಿ ಮುಂದನ. ನಮ್ಮವ್ವ ಬಂದು, 'ಮೈಯಾಗ ಎಲುಬು ಬಿಟ್ರ ಏನೂ ಇಲ್ಲ, ಉಣ್ಣೂದಿಲ್ಲೇನು' ಅಂತ ಬೈದಳು. ದೋಣ್ಯಾಗ ಜಂಬಣ್ಣ, ತಿರುವಿನ್ಯಾಗ ಒಳಗಿನ ಅಂಚು ಹಿಡೀಲಿಲ್ಲಂತ. ಮನಿಯಾಗ ರೇಣವ್ವ, ಕಾಲಿನ ಬೊಕ್ಕಿ ನೋಡಿ. ಮಾವಗ ಕಣ್ಣು ಕಾಣೂದಿಲ್ಲ, ಆದ್ರೂ ಮಲಗೂತನಕ ಬೈದ."

ಗುರುಗಳು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು.

"ಅಷ್ಟು ಮಂದಿಗೆ ಒಂದ ಊರು ಎಲ್ಲಿ ಸಾಲತೈತೋ ಹುಲುಗಪ್ಪಾ?"